ಬೆಟಗೇರಿಯ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರ್: ಮೆಮೊರಿ ಹೆಚ್ಚಿಸಿದ ಒಂದು ಪ್ರಕರಣ

2024ರ ಏಪ್ರಿಲ್ ಮೊದಲ ವಾರದಲ್ಲಿ ಬೆಟಗೇರಿಯ ಒಂದು ಡಿಟಿಪಿ ಅಂಗಡಿಯಿಂದ ನನಗೆ ಕರೆ ಬಂದಿತು. ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಅವಳಿ ಊರು. ಆಫ್‌ಸೆಟ್ ಪ್ರೆಸ್ಸುಗಳ ನೆರಳಿನಲ್ಲಿ ಅಕ್ಷರ ಜೋಡಿಸಿ, ಪುಟ ಕಟ್ಟಿ, ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದುಕೊಡುವ ಒಂದೆರಡು ಕಂಪ್ಯೂಟರಿನ ಸಣ್ಣ ಅಂಗಡಿಗಳು ಇಲ್ಲಿ ಬಹಳಷ್ಟಿವೆ. ಮೇ 7ರಂದು ಲೋಕಸಭಾ ಚುನಾವಣೆಯ ಮತದಾನವಿತ್ತು. ಕರಪತ್ರಗಳ ಜೊತೆಗೆ ಬಸವ ಜಯಂತಿಯ ಸುತ್ತಿನ ಲಗ್ನಪತ್ರಿಕೆಗಳೂ ಸಾಲುಗಟ್ಟಿದ್ದವು. ಅಂಥ ಹೊತ್ತಿನಲ್ಲಿ ಅಂಗಡಿಯ ಮುಖ್ಯ ಯಂತ್ರವೇ ಮುಂದೆ ಸಾಗದಂತಾಗಿತ್ತು. ಅಂಗಡಿ ನಡೆಸುವ ಅಕ್ಕನವರು ಫೋನಿನಲ್ಲಿ ಹೇಳಿದ ಮಾತು ಇಷ್ಟು: “ಸರ, ಒಂದು ಬ್ಯಾನರ್ ಓಪನ್ ಮಾಡಿದ್ರ, ಚಾ ಕುಡದು ಬರೂತನಕಾ ತಿರಗತಾನ ಇರತೈತ್ರಿ. ರ‍್ಯಾಮ್ ಹಾಕಿದ್ರ ಸರಿಹೋಗತೈತೋ, ಹೊಸಾದ ತಗೋಬೇಕೋ, ನೀವ ಬಂದು ನೋಡಿ ಹೇಳ್ರಿ.”

ನಾನು ಹೋಗುವುದಕ್ಕೆ ಮೊದಲೇ ಒಂದು ಪ್ರಯತ್ನ ನಡೆದು ವಿಫಲವಾಗಿತ್ತು. ಅಕ್ಕನವರು ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಕ್ಕ 8 ಜಿಬಿಯ ಒಂದು ರ‍್ಯಾಮ್ ತರಿಸಿದ್ದರು. ಪಕ್ಕದ ಓಣಿಯ ಹುಡುಗನೊಬ್ಬ ಅದನ್ನು ಕೂರಿಸಿ ಸ್ವಿಚ್ ಒತ್ತಿದಾಗ ಪರದೆಯ ಮೇಲೆ ಏನೂ ಮೂಡದೆ, ಯಂತ್ರ ಬೀಪ್ ಸದ್ದನ್ನಷ್ಟೇ ಮಾಡಿತ್ತು. ಅದನ್ನು ತೆಗೆದು ಹಳೆಯದನ್ನು ಹಾಕಿದಾಗ ಯಂತ್ರ ಮತ್ತೆ ಎದ್ದಿತು. “ಹಳೆಯ ಬ್ರಾಂಡೆಡ್ ಯಂತ್ರ ಹೊಸ ರ‍್ಯಾಮ್ ಹಿಡಿಯುವುದಿಲ್ಲ” ಎಂಬ ತೀರ್ಮಾನದೊಂದಿಗೆ ಆ ಮೆಮೊರಿ ಸ್ಟಿಕ್ ಡ್ರಾವರು ಸೇರಿತ್ತು. ಈ ತೀರ್ಮಾನವನ್ನು ನಮ್ಮ ಭಾಗದಲ್ಲಿ ನಾನು ಹಲವು ಬಾರಿ ಕೇಳಿದ್ದೇನೆ, ಮತ್ತು ಇದರ ಆಧಾರದ ಮೇಲೆ ಇನ್ನೂ ದುಡಿಯಬಲ್ಲ ಯಂತ್ರಗಳು ಗುಜರಿಗೆ ಹೋಗುವುದನ್ನೂ ಕಂಡಿದ್ದೇನೆ. ಈ ಪ್ರಕರಣವನ್ನು ವಿವರವಾಗಿ ಬರೆದಿಡಲು ಅದೇ ಕಾರಣ.

ಯಂತ್ರವು ಕಂಪನಿಯಲ್ಲೇ ಜೋಡಣೆಯಾಗಿ ಬಂದ, ಕಚೇರಿ ಬಳಕೆಯ ಸಣ್ಣ ಡೆಸ್ಕ್‌ಟಾಪ್. ಅಕ್ಕನವರು ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಿದ್ದರು. ಒಳಗಿದ್ದುದು 2011ರಲ್ಲಿ ಬಂದ ಇಂಟೆಲ್ ಕೋರ್ ಐ3-2120 ಪ್ರೊಸೆಸರ್, ಎಚ್61 ಚಿಪ್‌ಸೆಟ್‌ನ ಬೋರ್ಡ್, ಎರಡು ಮೆಮೊರಿ ಸ್ಲಾಟ್‌ಗಳಲ್ಲಿ ತಲಾ 2 ಜಿಬಿಯ ಡಿಡಿಆರ್3 ಬಗೆಯ ಮೆಮೊರಿ, ಮತ್ತು ನಿಮಿಷಕ್ಕೆ 7200 ಸುತ್ತು ತಿರುಗುವ 500 ಜಿಬಿಯ ಹಾರ್ಡ್‌ಡಿಸ್ಕ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಅಂದರೆ ಪರದೆಗೆ ಬೇಕಾದ ಮೆಮೊರಿಯೂ ಇದೇ 4 ಜಿಬಿಯಿಂದ ಹೋಗುತ್ತಿತ್ತು. ಹೊಸ ಯಂತ್ರ ಕೊಳ್ಳಲು ಅಕ್ಕನವರು ಹಿಂಜರಿದದ್ದು ಹಣದ ಕಾರಣಕ್ಕಷ್ಟೇ ಅಲ್ಲ. ವರ್ಷಗಳ ಕೆಲಸವೆಲ್ಲ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶದ ಕಡತಗಳಲ್ಲಿ, ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟುಗಳಲ್ಲಿ ಇತ್ತು. ಪೇಜ್‌ಮೇಕರಿಗೆ ಯೂನಿಕೋಡ್ ಕನ್ನಡ ಬರುವುದಿಲ್ಲವಾದ್ದರಿಂದ ಆ ಕಡತ, ಆ ಫಾಂಟ್, ಆ ತಂತ್ರಾಂಶ ಮೂರೂ ಒಟ್ಟಿಗೇ ಉಳಿಯಬೇಕು. ವರ್ಷವರ್ಷವೂ ಅದೇ ಮಠದ ಜಾತ್ರೆಯ ಆಮಂತ್ರಣ, ಅದೇ ಮನೆತನದ ಲಗ್ನಪತ್ರಿಕೆ ಹಳೆಯ ಕಡತ ತೆರೆದು ತಿದ್ದಿಯೇ ತಯಾರಾಗುವ ವೃತ್ತಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೆಮೊರಿ ಹಾಕುವುದಕ್ಕೆ ಮುನ್ನ, ಕೊರತೆ ನಿಜವಾಗಿಯೂ ಮೆಮೊರಿಯದೇ ಎಂಬುದನ್ನು ಅಳೆದು ನೋಡಬೇಕಿತ್ತು. ಯಂತ್ರ ನಿಧಾನವಾಗಲು ಸಾಯುತ್ತಿರುವ ಹಾರ್ಡ್‌ಡಿಸ್ಕ್, ದೂಳು ತುಂಬಿ ಬಿಸಿಯಾದ ಪ್ರೊಸೆಸರ್, ವೈರಸ್ ಯಾವುದೂ ಕಾರಣವಿರಬಹುದು. ಹಾಗಾಗಿ ಅಕ್ಕನವರನ್ನು ಎಂದಿನಂತೆ ಕೆಲಸ ಮಾಡಲು ಹೇಳಿ, ಪಕ್ಕದಲ್ಲಿ ಕುಳಿತು ಒಂದು ಗಂಟೆ ಗಮನಿಸಿದೆ. ಪೇಜ್‌ಮೇಕರ್, ಕೋರೆಲ್ ಡ್ರಾ, ಫೋಟೋಶಾಪ್, ಗಿರಾಕಿಗಳು ಕಳುಹಿಸಿದ ಫೋಟೋ ಇಳಿಸಿಕೊಳ್ಳಲು ಬ್ರೌಸರಿನಲ್ಲಿ ವಾಟ್ಸಾಪ್ — ಇಷ್ಟೂ ಒಟ್ಟಿಗೆ ತೆರೆದಿರುತ್ತಿದ್ದವು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಬೇಕಾದ್ದು ಎಷ್ಟು ಮೆಮೊರಿ ಬಳಕೆಯಾಗಿದೆ ಎಂಬ ಶೇಕಡಾವಾರು ಅಂಕಿಯನ್ನಲ್ಲ, ‘ಕಮಿಟೆಡ್’ ಎಂಬ ಸಾಲನ್ನು. ತೆರೆದಿರುವ ತಂತ್ರಾಂಶಗಳಿಗೆಲ್ಲ ವಿಂಡೋಸ್ ಕೊಡುತ್ತೇನೆಂದು ಒಪ್ಪಿಕೊಂಡಿರುವ ಒಟ್ಟು ಮೊತ್ತ ಅದು. ಆ ಅಂಕಿ ಬ್ಯಾನರ್ ತೆರೆದಾಗ 5 ಜಿಬಿ ದಾಟುತ್ತಿತ್ತು. ಯಂತ್ರದಲ್ಲಿ ಬಳಕೆಗೆ ಸಿಗುತ್ತಿದ್ದುದು 3.4 ಜಿಬಿ ಮಾತ್ರ. ರಿಸೋರ್ಸ್ ಮಾನಿಟರಿನಲ್ಲಿ ‘ಹಾರ್ಡ್ ಫಾಲ್ಟ್’ (ಮೆಮೊರಿಯಲ್ಲಿಲ್ಲದ ಮಾಹಿತಿಯನ್ನು ಡಿಸ್ಕಿನಿಂದ ತರಬೇಕಾಗಿ ಬಂದ ಸಲಗಳು) ಗೆರೆ ಮೇಲೇರಿ ಅಲ್ಲೇ ನಿಲ್ಲುತ್ತಿತ್ತು, ಡಿಸ್ಕ್ ಶೇ. 100ರಲ್ಲಿ ಕದಲದೆ ಇರುತ್ತಿತ್ತು, ಅದೇ ಹೊತ್ತಿನಲ್ಲಿ ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನಿರುತ್ತಿತ್ತು. ಈ ಮೂರೂ ಕೂಡಿ ಕಂಡರೆ ರೋಗ ಮೆಮೊರಿಯದೇ.

ಕಾರಣ ಸರಳವಾದದ್ದು. ಮೆಮೊರಿಯಲ್ಲಿ ಜಾಗವಿಲ್ಲದಾಗ ವಿಂಡೋಸ್ ಅದರ ಕೆಲವು ತುಣುಕುಗಳನ್ನು (ಇವಕ್ಕೂ ‘ಪುಟ’ ಎಂದೇ ಹೆಸರು) ಡಿಸ್ಕಿನಲ್ಲಿರುವ ಪೇಜ್ ಫೈಲಿಗೆ ಸಾಗಿಸುತ್ತದೆ, ಬೇಕಾದಾಗ ಮರಳಿ ತರುತ್ತದೆ. ಮೆಮೊರಿಯಿಂದ ಒಂದು ಮಾಹಿತಿ ಸಿಗಲು ಸೆಕೆಂಡಿನ ಕೋಟಿಯ ಒಂದು ಭಾಗದಷ್ಟು ಹೊತ್ತು ಸಾಕು. ಹಾರ್ಡ್‌ಡಿಸ್ಕಿನಲ್ಲಾದರೋ ತಟ್ಟೆ ತಿರುಗಿ ಬರಲು ಸರಾಸರಿ 4 ಮಿಲಿಸೆಕೆಂಡಿಗೂ ಹೆಚ್ಚು, ಮುಳ್ಳು ಸರಿಯಾದ ಜಾಗಕ್ಕೆ ಸರಿಯಲು ಇನ್ನೂ 8-9 ಮಿಲಿಸೆಕೆಂಡು ಬೇಕು. ಹೀಗೆ ಚದುರಿದ ಪುಟಗಳನ್ನು ಆ ಡಿಸ್ಕು ಸೆಕೆಂಡಿಗೆ ಎಂಬತ್ತರ ಆಸುಪಾಸಿನಷ್ಟು ಮಾತ್ರ ತಂದುಕೊಡಬಲ್ಲದು. ಚಾ ಕುಡಿದು ಬರುವಷ್ಟು ಹೊತ್ತು ಹೋಗುತ್ತಿದ್ದುದು ಇಲ್ಲಿಯೇ.

ಅಕ್ಕನವರಿಗೆ ಒಂದು ಸಂದೇಹವಿತ್ತು: ಲಗ್ನಪತ್ರಿಕೆ ಮಾಡುವಾಗ ಇಲ್ಲದ ತೊಂದರೆ ಬ್ಯಾನರಿಗೇ ಏಕೆ? ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಬ್ಯಾನರನ್ನು ಇಂಚಿಗೆ 100 ಚುಕ್ಕೆಯಂತೆ ಮಾಡಿದರೆ ಅಡ್ಡಲಾಗಿ 12,000, ಉದ್ದಕ್ಕೆ 7,200, ಒಟ್ಟು 8 ಕೋಟಿ 64 ಲಕ್ಷ ಚುಕ್ಕೆಗಳಾಗುತ್ತವೆ. ಮುದ್ರಣದ ನಾಲ್ಕು ಬಣ್ಣಗಳಿಗೆ ಚುಕ್ಕೆಯೊಂದಕ್ಕೆ 4 ಬೈಟ್ ಹಿಡಿದರೆ ಒಂದು ಪೂರ್ಣ ಲೇಯರಿಗೇ ಸುಮಾರು 345 ಎಂಬಿ ಬೇಕು. ಹಿನ್ನೆಲೆ, ಮುಖಂಡರ ಫೋಟೋ, ಹೂವಿನ ಅಂಚು ಎಂದು ಅಂಥ ಐದು ಲೇಯರುಗಳಾದರೆ 1.7 ಜಿಬಿ ಮುಗಿಯಿತು. ಹಿಂದೆ ಸರಿಯಲು ಫೋಟೋಶಾಪ್ ಉಳಿಸಿಕೊಳ್ಳುವ ಹಳೆಯ ಸ್ಥಿತಿಗಳ ಲೆಕ್ಕ ಬೇರೆ. ಲಗ್ನಪತ್ರಿಕೆಯಲ್ಲಿ ಬಹುಪಾಲು ಇರುವುದು ಅಕ್ಷರ ಮತ್ತು ಗೆರೆ. ಅವು ಮೆಮೊರಿಯಲ್ಲಿ ಹೆಚ್ಚು ಜಾಗ ಬೇಡುವುದಿಲ್ಲ. ಮೊದಲ ಪರಿಹಾರ ಈ ಲೆಕ್ಕದಲ್ಲೇ ಸಿಕ್ಕಿತು: ದೂರದಿಂದ ನೋಡುವ ಬ್ಯಾನರಿಗೆ ಇಂಚಿಗೆ 72 ಚುಕ್ಕೆ ಸಾಕಾಗುವಲ್ಲಿ ಹಾಗೆಯೇ ಮಾಡಿದರೆ ಬೇಕಾಗುವ ಮೆಮೊರಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಅಂದಿನಿಂದಲೇ ಅದನ್ನು ಜಾರಿಗೆ ತಂದೆವು.

4 ಜಿಬಿ ಹಾಕಿದ್ದರೂ 3.4 ಮಾತ್ರ ಸಿಗುತ್ತಿದ್ದುದು ಏಕೆಂದರೆ, ಹಿಂದೆ ಫಾರ್ಮ್ಯಾಟ್ ಮಾಡಿದವರು ವಿಂಡೋಸ್ 10ರ 32 ಬಿಟ್ ಆವೃತ್ತಿಯನ್ನು ಹಾಕಿದ್ದರು. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು ಒಟ್ಟು 4,29,49,67,296. ಅಂದರೆ ಸರಿಯಾಗಿ 4 ಜಿಬಿ. ಅದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮತ್ತಿತರ ಸಾಧನಗಳಿಗೆ ಮೀಸಲು. ಈ ಸ್ಥಿತಿಯಲ್ಲಿ ಎಷ್ಟೇ ಜಿಬಿ ಕೂರಿಸಿದರೂ ಅಂಗಡಿಯ ಕೆಲಸಕ್ಕೆ ಒಂದು ಬೈಟೂ ಹೆಚ್ಚು ದಕ್ಕುತ್ತಿರಲಿಲ್ಲ. ಡ್ರಾವರಿನಲ್ಲಿದ್ದ 8 ಜಿಬಿ ಸ್ಟಿಕ್ ಕೆಲಸ ಮಾಡಿದ್ದರೂ ಫಲ ಇದೇ ಆಗುತ್ತಿತ್ತು. 32 ಬಿಟ್ ಹಾಕಿದವರನ್ನು ನಾನು ದೂರುವುದಿಲ್ಲ; 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶಗಳನ್ನು ನಡೆಸುವುದಿಲ್ಲ, ಹಳೆಯ ಪ್ರಿಂಟರುಗಳಿಗೆ 64 ಬಿಟ್ ಡ್ರೈವರ್ ಬೇಕೇಬೇಕು. ಡಿಟಿಪಿ ಅಂಗಡಿಯಲ್ಲಿ ಹಳೆಯ ಪ್ರಿಂಟರ್ ನಿಂತರೆ ಅಂಗಡಿಯೇ ನಿಂತಂತೆ. ಆದರೆ ಮೆಮೊರಿ ಹೆಚ್ಚಿಸುವ ಯಾವುದೇ ಕೆಲಸಕ್ಕೆ ಮುನ್ನ, ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ನೋಡದೆ ಹಣ ಖರ್ಚು ಮಾಡಬಾರದು.

ಇನ್ನು ಬೀಪ್ ಮಾಡಿಸಿದ ಆ ಸ್ಟಿಕ್. ಅದನ್ನು ಬೆಳಕಿಗೆ ಹಿಡಿದು ನೋಡಿದೆ. 240 ಪಿನ್ ಇದ್ದವು, ಕಚ್ಚು ಡಿಡಿಆರ್3ರ ಜಾಗದಲ್ಲೇ ಇತ್ತು, ಎರಡೂ ಬದಿ ಸೇರಿ 16 ಚಿಪ್‌ಗಳಿದ್ದವು, ಲೇಬಲ್ಲಿನ ಮೇಲೆ 8 ಜಿಬಿ, 1600 ಎಂದಷ್ಟೇ ಇತ್ತು. ತಪ್ಪು ಕಾಣುವುದು ಚಿಪ್ಪಿನ ಮೇಲಿನ ಸಣ್ಣ ಅಕ್ಷರಗಳಲ್ಲಿ. ಸ್ಯಾಮ್‌ಸಂಗ್ ಚಿಪ್‌ಗಳ ಮೇಲೆ ‘ಕೆ4ಬಿ4ಜಿ0446’ ಎಂದಿತ್ತು. ಇದರಲ್ಲಿ ‘4ಜಿ’ ಎಂದರೆ ಚಿಪ್ಪಿನ ಗಾತ್ರ 4 ಗಿಗಾಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್). ಅದರ ಮುಂದಿನ ‘04’ ಎಂದರೆ ಆ ಚಿಪ್ ಒಂದು ಬಾರಿಗೆ 4 ಬಿಟ್ ಕೊಡುತ್ತದೆ. ಪ್ರೊಸೆಸರಿಗೆ ಒಂದು ಬಾರಿಗೆ 64 ಬಿಟ್ ಬೇಕು. ಇಲ್ಲಿ ಹದಿನಾರೂ ಚಿಪ್‌ಗಳು ಒಟ್ಟಾಗಿ ಆ 64ನ್ನು ತುಂಬುತ್ತವೆ. ಇಂಟೆಲ್ ಡೆಸ್ಕ್‌ಟಾಪುಗಳ ಮೆಮೊರಿ ಕಂಟ್ರೋಲರ್ ನಿರೀಕ್ಷಿಸುವುದು ಒಂದು ಬಾರಿಗೆ 8 ಬಿಟ್ ಕೊಡುವ ಚಿಪ್‌ಗಳನ್ನು, ಅಂದರೆ ‘0846’ ಎಂದಿರುವವನ್ನು. ಆಗ ಎಂಟೆಂಟು ಚಿಪ್‌ಗಳ ಎರಡು ಸಾಲುಗಳಾಗುತ್ತವೆ. ಎರಡೂ ಬಗೆಯಲ್ಲಿ ಚಿಪ್‌ಗಳ ಸಂಖ್ಯೆ ಹದಿನಾರೇ, ಗಾತ್ರ 8 ಜಿಬಿಯೇ. ಹೊರನೋಟಕ್ಕೆ ಭೇದವೇ ಇಲ್ಲ. ಹೈನಿಕ್ಸ್ ಚಿಪ್ಪಾದರೆ ‘4ಜಿ43’ ಮತ್ತು ‘4ಜಿ83’ ಎಂಬಲ್ಲಿ ಇದೇ ವ್ಯತ್ಯಾಸ ಕಾಣುತ್ತದೆ.

ಇಂಥ ಮೆಮೊರಿ ಇಂಟೆಲ್ ಬದಲು ಎಎಮ್‌ಡಿ ಕಂಪನಿಯ ಪ್ರೊಸೆಸರ್ ಇರುವ ಬೋರ್ಡುಗಳಲ್ಲಿ ನಡೆಯುತ್ತದೆ, ಆ ಕಾರಣಕ್ಕೇ ಅಗ್ಗವಾಗಿ ಮಾರಾಟವಾಗುತ್ತದೆ. ನನ್ನ ಊಹೆ ಸರಿಯೇ ಎಂದು ನೋಡಲು ಪರಿಚಿತರೊಬ್ಬರ ಎಎಮ್‌ಡಿ ಯಂತ್ರಕ್ಕೆ ಹಾಕಿ ಪರೀಕ್ಷಿಸಿದೆ; 8 ಜಿಬಿಯೂ ಕಂಡವು, ದೋಷವಿರಲಿಲ್ಲ. ಅಂದರೆ ಸ್ಟಿಕ್ ಕೆಟ್ಟಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಮಾರಿದವರು ಯಾವ ಯಂತ್ರಕ್ಕೆ ಎಂಬ ಒಂದು ಮಾತನ್ನು ಬರೆದಿದ್ದರೆ ಅಕ್ಕನವರ ಹಣವೂ ಒಂದು ವಾರವೂ ಉಳಿಯುತ್ತಿತ್ತು. ಗೊತ್ತಿದ್ದೂ ಆ ಮಾತು ಬಿಟ್ಟು ಮಾರುವುದನ್ನು ನಾನು ತಪ್ಪೆಂದೇ ಭಾವಿಸುತ್ತೇನೆ. ಇದೇ ರೀತಿ ಸರ್ವರಿನಿಂದ ಕಳಚಿದ ರಿಜಿಸ್ಟರ್ಡ್ ಮೆಮೊರಿಯೂ ಅಗ್ಗದ ರಾಶಿಯಲ್ಲಿ ಬರುತ್ತದೆ. ಅದೂ 240 ಪಿನ್ನಿನದೇ, ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಇಂಥ ಡೆಸ್ಕ್‌ಟಾಪಿನಲ್ಲಿ ಏಳುವುದಿಲ್ಲ. ಒಳ್ಳೆಯ ಲೇಬಲ್ ಇದ್ದರೆ ‘ಪಿಸಿ3-10600’ ಅಥವಾ ‘ಪಿಸಿ3-12800’ರ ಬೆನ್ನಿಗಿರುವ ಒಂದು ಅಕ್ಷರ ಇದನ್ನು ಹೇಳಿಬಿಡುತ್ತದೆ: ‘ಯು’ ಎಂದಿದ್ದರೆ ಸಾಮಾನ್ಯ ಡೆಸ್ಕ್‌ಟಾಪಿನದು, ‘ಆರ್’ ಎಂದಿದ್ದರೆ ಸರ್ವರಿನದು. ಅದಕ್ಕೂ ಮೊದಲು ಬರೆದಿರುವ ‘2ಆರ್‌ಎಕ್ಸ್8’ ಎಂಬುದು 8 ಬಿಟ್ ಚಿಪ್‌ಗಳ ಎರಡು ಸಾಲು ಎಂಬುದರ ಗುರುತು.

ಹಾಗಾದರೆ ಎಷ್ಟು ಹಾಕಬೇಕು? ಎಚ್61 ಬೋರ್ಡುಗಳು ಎರಡು ಸ್ಲಾಟುಗಳಲ್ಲಿ ತಲಾ 8ರಂತೆ 16 ಜಿಬಿ ಹಿಡಿಯಬಲ್ಲವು. ಆದರೆ ಯಂತ್ರದ ಕೈಪಿಡಿ 8 ಜಿಬಿಯ ಮಿತಿಯನ್ನೇ ಹೇಳುತ್ತಿತ್ತು. ಕೈಪಿಡಿಯ ಮಿತಿ ಎಂದರೆ ಬಹಳ ಸಲ ಯಂತ್ರ ಮಾರುಕಟ್ಟೆಗೆ ಬಂದಾಗ ಕಂಪನಿ ಪರೀಕ್ಷಿಸಿ ನೋಡಿದ್ದ ಮಿತಿಯೇ ಹೊರತು ಬೋರ್ಡಿನ ನಿಜವಾದ ಮಿತಿಯಲ್ಲ. ಆದರೂ ನಾನು 16ರ ಆಸೆ ಬಿಟ್ಟೆ. ಅಳತೆಯಲ್ಲಿ ಕಂಡ ಬೇಡಿಕೆ 5 ಜಿಬಿಯ ಸ್ವಲ್ಪ ಮೇಲಿತ್ತು, ಪ್ರೊಸೆಸರಿನಲ್ಲಿದ್ದುದು ಎರಡೇ ಕೋರ್, ಮೇಲಾಗಿ ಚುನಾವಣೆಯ ಹೊತ್ತಿನಲ್ಲಿ ಇನ್ನೊಂದು ಪ್ರಯೋಗಕ್ಕೆ ಅಂಗಡಿಯಲ್ಲಿ ಅವಕಾಶವಿರಲಿಲ್ಲ. ತಲಾ 4 ಜಿಬಿಯ ಎರಡು ಒಂದೇ ತರಹದ ಸ್ಟಿಕ್ ಎಂದು ನಿರ್ಧರಿಸಿದೆವು. ಎರಡೂ ಸಮವಾಗಿದ್ದರೆ ಡ್ಯುಯಲ್ ಚಾನೆಲ್‌ನಲ್ಲಿ ನಡೆದು ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಹಾದಿ ಇಮ್ಮಡಿ ಅಗಲವಾಗುತ್ತದೆ; ಗ್ರಾಫಿಕ್ಸ್ ಇದೇ ಮೆಮೊರಿಯನ್ನು ಹಂಚಿಕೊಳ್ಳುವ ಯಂತ್ರದಲ್ಲಿ ಅದರ ಬೆಲೆ ಹೆಚ್ಚು. ಐ3-2120 ಡಿಡಿಆರ್3-1333ರ ವೇಗಕ್ಕಿಂತ ಮೇಲೆ ಹೋಗುವುದಿಲ್ಲವಾದ್ದರಿಂದ 1600ರ ವೇಗದ ಸ್ಟಿಕ್ಕಿಗೆ ಹೆಚ್ಚು ಕೊಡುವುದರಲ್ಲಿ ಅರ್ಥವಿರಲಿಲ್ಲ. ನಾನೇ ಹುಬ್ಬಳ್ಳಿಗೆ ಹೋಗಿ, ಹಳೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಚಿಪ್‌ಗಳ ಅಕ್ಷರ ಓದಿ ಆರಿಸಿ, ಕೆಟ್ಟಿದ್ದರೆ ಬದಲಿಸಿಕೊಡಬೇಕೆಂಬ ಮಾತಿನ ಮೇಲೆ ಎರಡು ಸ್ಟಿಕ್ ತಂದೆ.

ಕೂರಿಸುವ ಕೆಲಸ ಹತ್ತು ನಿಮಿಷದ್ದು. ಅದಕ್ಕೆ ಮುನ್ನ ಒಳಗಿನ ದೂಳು ತೆಗೆಯಲು ಒಂದು ಗಂಟೆ ಹಿಡಿಯಿತು. ಪ್ರೆಸ್ಸಿನ ಗೋಡೆಗೆ ಅಂಟಿಕೊಂಡ ಅಂಗಡಿಯದು. ಕಾಗದದ ನಾರಿನ ಜೊತೆಗೆ, ಹಸಿ ಶಾಯಿಯ ಹಾಳೆಗಳು ಒಂದಕ್ಕೊಂದು ಅಂಟದಂತೆ ಆಫ್‌ಸೆಟ್ ಯಂತ್ರದಲ್ಲಿ ಸಿಂಪಡಿಸುವ ಪುಡಿಯೂ ಗಾಳಿಯಲ್ಲಿ ಬಂದು ಫ್ಯಾನಿನ ಮೇಲೆ ಕೂತಿತ್ತು. ಕರೆಂಟಿನ ವೈರನ್ನು ಪೂರ್ತಿ ಕಿತ್ತು, ಉಳಿದ ವಿದ್ಯುತ್ ಇಳಿಯಲು ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆಯೇ ಒಳಗೆ ಕೈ ಹಾಕಿದೆ. ಬೇಸಿಗೆಯ ಒಣ ಹವೆಯಲ್ಲಿ ಈ ಎಚ್ಚರ ಹೆಚ್ಚು ಬೇಕು. ಪಿನ್ನುಗಳನ್ನು ರಬ್ಬರಿನಿಂದ ಉಜ್ಜುವ ರೂಢಿ ನಮ್ಮಲ್ಲಿದೆ. ಅದು ತೆಳುವಾದ ಚಿನ್ನದ ಲೇಪವನ್ನು ಸವೆಸುತ್ತದೆ, ಪುಡಿಯನ್ನೂ ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡುವುದು ಮೇಲು. ಸ್ಟಿಕ್ಕಿನ ಎರಡೂ ತುದಿಯನ್ನು ಸಮನಾಗಿ ಒತ್ತಿದಾಗ ಕ್ಲಿಪ್ಪುಗಳು ತಾವಾಗಿ ಬಂದು ಕಚ್ಚಿಕೊಂಡವು. ಮೆಮೊರಿಯ ಮೊತ್ತ ಬದಲಾಗಿದೆ ಎಂಬ ಸೂಚನೆ ಪರದೆಯ ಮೇಲೆ ಮೂಡಿತು. ಬ್ರಾಂಡೆಡ್ ಯಂತ್ರಗಳಲ್ಲಿ ಇದು ಮಾಮೂಲು. ಒಮ್ಮೆ ಒಪ್ಪಿ ಮುಂದುವರಿದರೆ ಮತ್ತೆ ಬರುವುದಿಲ್ಲ.

ಯಂತ್ರ ಎದ್ದಿತೆಂದ ಮಾತ್ರಕ್ಕೆ ಕೆಲಸ ಮುಗಿದಂತಲ್ಲ. ಬಳಸಿದ ಮೆಮೊರಿಯನ್ನು ಪರೀಕ್ಷಿಸದೆ ಗಿರಾಕಿಯ ಕೆಲಸಕ್ಕೆ ಬಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಪೆನ್ ಡ್ರೈವಿನಿಂದ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶ ಹಚ್ಚಿದಾಗ ಅರ್ಧ ಗಂಟೆಯೊಳಗೆ ಕೆಂಪು ಸಾಲುಗಳು ಕಂಡವು. ದೋಷ ಸ್ಟಿಕ್ಕಿನದೋ ಸ್ಲಾಟಿನದೋ ತಿಳಿಯಲು ಒಂದೊಂದನ್ನೇ ಹಾಕಿ ನೋಡಬೇಕು. ಮೊದಲನೆಯ ಸ್ಟಿಕ್ ಎರಡೂ ಸ್ಲಾಟಿನಲ್ಲಿ ಸುಗಮವಾಗಿ ನಡೆಯಿತು; ಎರಡನೆಯದು ಎರಡೂ ಸ್ಲಾಟಿನಲ್ಲಿ ಅದೇ ವಿಳಾಸದ ಹತ್ತಿರ, ಅದೇ ಬಿಟ್‌ನಲ್ಲಿ ಎಡವಿತು. ಸ್ಲಾಟು ನಿರ್ದೋಷಿ, ಸ್ಟಿಕ್ಕೇ ದೋಷಿ. ಇಂಥ ಒಂದೇ ಬಿಟ್‌ನ ದೋಷವಿದ್ದರೂ ವಿಂಡೋಸ್ ದಿನಗಟ್ಟಲೆ ನಡೆಯಬಹುದು; ಯಾವತ್ತೋ ಒಂದು ದಿನ ಸೇವ್ ಮಾಡಿದ ಕಡತ ಮಾತ್ರ ತೆರೆಯುವುದಿಲ್ಲ. ಮಾತು ಕೊಟ್ಟಂತೆ ಹುಬ್ಬಳ್ಳಿಯ ಅಂಗಡಿಯವರು ಮರುದಿನ ಬದಲಿಸಿ ಕೊಟ್ಟರು. ಹೊಸ ಜೋಡಿಯನ್ನು ಒಂದು ಇಡೀ ರಾತ್ರಿ ಪರೀಕ್ಷೆಗೆ ಬಿಟ್ಟೆವು. ನಡುರಾತ್ರಿ ಕರೆಂಟ್ ಹೋಗಿ ಯುಪಿಎಸ್ಸೂ ಬರಿದಾಗಿ ಬೆಳಿಗ್ಗೆ ಮತ್ತೆ ಮೊದಲಿನಿಂದ ನಡೆಸಬೇಕಾಯಿತು. ಮಧ್ಯಾಹ್ನದವರೆಗೆ ಒಂದು ದೋಷವೂ ಕಾಣಲಿಲ್ಲ.

ಉಳಿದದ್ದು ವಿಂಡೋಸ್ ಬದಲಾವಣೆ. 32 ಬಿಟ್‌ನಿಂದ 64 ಬಿಟ್‌ಗೆ ನೇರವಾಗಿ ಏರಿಸಲು ಬರುವುದಿಲ್ಲ, ಹೊಸದಾಗಿಯೇ ಹಾಕಬೇಕು. ಕಡತಗಳ ಜೊತೆಗೆ ಫಾಂಟ್ ಫೋಲ್ಡರನ್ನೂ ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿಕೊಂಡು, ಪ್ರಿಂಟರಿನ 64 ಬಿಟ್ ಡ್ರೈವರ್ ಮುಂಚಿತವಾಗಿ ಇಳಿಸಿಟ್ಟುಕೊಂಡು, ಭಾನುವಾರ ಕೆಲಸ ಹಿಡಿದೆವು. ಪೇಜ್‌ಮೇಕರಿನ ಒಂದು ಹಳೆಯ ಜಾತ್ರೆಯ ಆಮಂತ್ರಣ ತೆರೆದು, ಒತ್ತಕ್ಷರಗಳೆಲ್ಲ ತಮ್ಮ ಜಾಗದಲ್ಲಿವೆಯೇ ಎಂದು ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು ನೋಡಿದ ಮೇಲೆಯೇ ಅಕ್ಕನವರು ನಿರಾಳವಾದರು. ಪೇಜ್‌ಮೇಕರ್ 32 ಬಿಟ್‌ನ ತಂತ್ರಾಂಶ, ಹೆಚ್ಚಿನ ಮೆಮೊರಿಯಿಂದ ಅದಕ್ಕೆ ನೇರ ಲಾಭವಿಲ್ಲ. ಲಾಭವಾದದ್ದು ಫೋಟೋಶಾಪಿಗೆ: ವಿಂಡೋಸ್‌ನಲ್ಲಿ ಅದು 64 ಬಿಟ್‌ಗೆ ಬಂದದ್ದು 2008ರ ಸಿಎಸ್4ರಿಂದ, ಅಂಗಡಿಯಲ್ಲಿದ್ದುದು ಅದರ ನಂತರದ ಆವೃತ್ತಿ.

ಸೋಮವಾರ ಅದೇ ತಂತ್ರಾಂಶಗಳು, ಅದೇ ಬ್ಯಾನರ್, ಅದೇ ವಾಟ್ಸಾಪ್ ತೆರೆಸಿ ಮತ್ತೆ ಪಕ್ಕದಲ್ಲಿ ಕುಳಿತೆ. ಕಮಿಟೆಡ್ ಅಂಕಿ ಈಗಲೂ 5 ಜಿಬಿಯ ಮೇಲೆಯೇ ಇತ್ತು, ಆದರೆ ಈಗ ಅದಕ್ಕೆ ಜಾಗವಿತ್ತು. ಹಾರ್ಡ್ ಫಾಲ್ಟ್ ಗೆರೆ ಆಗೊಮ್ಮೆ ಈಗೊಮ್ಮೆ ಎದ್ದು ಮಲಗುತ್ತಿತ್ತು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗಿನ ಕಾಯುವಿಕೆ ಇಲ್ಲವಾಗಿತ್ತು. ಬದಲಾಗದೆ ಉಳಿದದ್ದೂ ಇದೆ: ಬೆಳಿಗ್ಗೆ ಯಂತ್ರ ಏಳಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತಿತ್ತು, ದೊಡ್ಡ ಕಡತ ಮೊದಲ ಸಲ ತೆರೆಯುವಾಗ ಡಿಸ್ಕಿನ ವೇಗಕ್ಕೇ ಕಾಯಬೇಕಿತ್ತು. ಅದಕ್ಕೆ ಮದ್ದು ತಿರುಗುವ ತಟ್ಟೆಯಿಲ್ಲದ ಡಿಸ್ಕು, ಅಂದರೆ ಎಸ್‌ಎಸ್‌ಡಿ. ಎಚ್61ರಲ್ಲಿರುವುದು ಡಿಸ್ಕ್ ಜೋಡಿಸಲು ಸೆಕೆಂಡಿಗೆ 3 ಗಿಗಾಬಿಟ್‌ನ ಸಾಟಾ ಸಂಪರ್ಕ ಮಾತ್ರವಾದ್ದರಿಂದ ಎಸ್‌ಎಸ್‌ಡಿಯ ಪೂರ್ಣ ವೇಗ ಇಲ್ಲಿ ಸಿಗದು. ಆದರೂ ಚದುರಿದ ಕಡತ ಓದುವಲ್ಲಿ ಹಾರ್ಡ್‌ಡಿಸ್ಕಿಗೂ ಅದಕ್ಕೂ ಹೋಲಿಕೆಯಿಲ್ಲ. ಸೀಸನ್ ಮುಗಿದ ಮೇಲೆ ಹಾಕಿಸುವುದಾಗಿ ಅಕ್ಕನವರು ಹೇಳಿದರು, ಜೂನಿನಲ್ಲಿ ಹಾಕಿಸಿದರು ಕೂಡ. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬುದನ್ನು ಅಂದೇ ಅವರಿಗೆ ತಿಳಿಸಿದ್ದೆ. ಅಷ್ಟರೊಳಗೆ ವಾಟ್ಸಾಪ್ ಮತ್ತು ಬ್ಯಾಂಕಿನ ಕೆಲಸವನ್ನು ಬೇರೊಂದು ಯಂತ್ರಕ್ಕೆ ಸಾಗಿಸಿ, ಇದನ್ನು ಇಂಟರ್ನೆಟ್ ಇಲ್ಲದೆ ಪೇಜ್‌ಮೇಕರಿಗೆ ಮೀಸಲಿಡಬೇಕೆಂದು ಮಾತಾಯಿತು.

ಹೊರಡುವ ಮುನ್ನ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದೆ. ಎರಡೂ ಸ್ಟಿಕ್ಕುಗಳ ಗಾತ್ರ, ವೇಗ, ಚಿಪ್ಪಿನ ಮೇಲಿನ ಅಕ್ಷರಗಳು, ಪರೀಕ್ಷಿಸಿದ ದಿನಾಂಕ, ವಿಂಡೋಸ್ 64 ಬಿಟ್ ಎಂಬುದು, ಮತ್ತು ಡ್ರಾವರಿನಲ್ಲಿರುವ 8 ಜಿಬಿ ಸ್ಟಿಕ್ ಎಎಮ್‌ಡಿ ಯಂತ್ರಕ್ಕೆ ಮಾತ್ರ ಎಂಬ ಸೂಚನೆ ಅದರಲ್ಲಿವೆ. ಮುಂದೆ ಆ ಮುಚ್ಚಳ ತೆರೆಯುವವರು ನಾನಲ್ಲದಿದ್ದರೂ ಓದಿಕೊಳ್ಳಲಿ ಎಂದು ಅದನ್ನು ದಪ್ಪಕ್ಷರದಲ್ಲಿ, ಅದೇ ಅಂಗಡಿಯ ಪ್ರಿಂಟರಿನಲ್ಲಿ, ನುಡಿಯಲ್ಲಿ ಅಚ್ಚು ಹಾಕಿಸಿದ್ದೆ.